ತಪ್ಪು ಬಾಗಿಲಿನ ಬೆಲ್

ಈ ತಿಂಗಳು ಮೂರು ಪತ್ರ ಎತ್ತಿಕೊಂಡಿದ್ದೇನೆ. ಮೊದಲನೆಯದೇ ಮುಕ್ಕಾಲು ಜಾಗ ನುಂಗಿದೆ. ಉಳಿದ ಇಬ್ಬರು ಬೇಸರ ಮಾಡಿಕೊಳ್ಳಬೇಡಿ. ಮೂವತ್ತೆರಡು ವರ್ಷ ಮುಂಬಯಿಯ ಲ್ಯಾಬಿನಲ್ಲಿ ಜನರ ಸೀರಂ ನೋಡುತ್ತ ಕೂತವಳು ನಾನು. ಆ್ಯಂಟಿಬಾಡಿ ಅಂತ ಯಾರಾದರೂ ಅಂದರೆ ಸಾಕು, ಬಾಯಿ ನಿಲ್ಲುವುದಿಲ್ಲ.

ಪ್ರಶ್ನೆ: ಡಾಕ್ಟರ್ ಬಾಯಿಯವರಿಗೆ ನಮಸ್ಕಾರ. ನಾವು ಬಾಗಲಕೋಟೆ ಕಡೆಯವರು. ಪುಣೆಗೆ ಬಂದು 31 ವರ್ಷವಾಯಿತು, ಮನೆ ಕೋಥ್ರೂಡಿನಲ್ಲಿದೆ. ಮಗ ಕಂಪನಿ ಕೆಲಸಕ್ಕೆಂದು ಸ್ಪೇನಿಗೆ ಹೋದವನು ಅಲ್ಲಿ ಬೊಲಿವಿಯಾ ದೇಶದ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಈಗ ಇಬ್ಬರೂ ನಮ್ಮ ಜೊತೆಗೇ ಇದ್ದಾರೆ. ಹುಡುಗಿ ಬಂಗಾರದಂಥವಳು, ರೊಟ್ಟಿ ಬಡಿಯುವುದನ್ನೂ ಕಲಿತಿದ್ದಾಳೆ. ಅವಳಿಗೆ ಈಗ ಐದನೇ ತಿಂಗಳು. ಮೊನ್ನೆ ಹಳೆಯ ಫೈಲು ತೆಗೆದಾಗ ಸ್ಪೇನಿನಲ್ಲಿ ಮಾಡಿಸಿದ ರಕ್ತದ ರಿಪೋರ್ಟ್ ಸಿಕ್ಕಿತು. ಶಾಗಸ್ ಎಂಬ ಕಾಯಿಲೆಯ ಆ್ಯಂಟಿಬಾಡಿ ಪಾಸಿಟಿವ್ ಅಂತ ಇದೆ. ಎರಡು ಬೇರೆ ಬೇರೆ ಟೆಸ್ಟ್ ಮಾಡಿದ್ದಾರೆ, ಎರಡೂ ಪಾಸಿಟಿವ್. ಆ್ಯಂಟಿಬಾಡಿ ಅಂದರೆ ನಮ್ಮನ್ನು ಕಾಯುವಂಥದ್ದು, ಅಲ್ವಾ? ಮಗ ಎಲ್ಲೋ ಓದಿಕೊಂಡು, ಆ ಆ್ಯಂಟಿಬಾಡಿಯೇ ಹೃದಯಕ್ಕೂ ಕಣ್ಣಿಗೂ ತೊಂದರೆ ಕೊಡುತ್ತದಂತೆ ಅನ್ನುತ್ತಾನೆ. ಅವಳಿಗೆ ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತದೆ. ಕರೆಂಟ್ ಹೋದಾಗ ಎಡವುತ್ತಾಳೆ. ನೆಂಟರು ತಟ್ಟೆ, ಲೋಟ ಬೇರೆ ಇಡಿ ಅನ್ನುತ್ತಿದ್ದಾರೆ. ಏನು ಮಾಡಲಿ? (ಹೆಸರು ಬೇಡ, ಪುಣೆ)

ಉತ್ತರ: ಅಕ್ಕಾ, ಮೊದಲು ತಟ್ಟೆ, ಲೋಟದ ವಿಷಯ ಮುಗಿಸಿಬಿಡುತ್ತೇನೆ. ಏನೂ ಬೇರೆ ಇಡಬೇಡಿ. ಎಂಜಲಿನಿಂದ, ಕೆಮ್ಮಿನಿಂದ, ಮುಟ್ಟುವುದರಿಂದ ಈ ಕಾಯಿಲೆ ಹರಡುವುದಿಲ್ಲ. ಅವಳು ಬಡಿದ ರೊಟ್ಟಿಯನ್ನು ಆ ನೆಂಟರಿಗೇ ಮೊದಲು ಬಡಿಸಿ.

ಇನ್ನು ಕಾಯಿಲೆ. ಶಾಗಸ್ ಅನ್ನುವುದು ಒಬ್ಬ ಡಾಕ್ಟರ ಹೆಸರು, ಕಾರ್ಲೊಸ್ ಶಾಗಸ್. ಇಂಗ್ಲಿಷ್ ಓದಿದವರು ಚಾಗಸ್ ಅನ್ನುತ್ತಾರೆ. ಪೋರ್ಚುಗೀಸಿನಲ್ಲಿ ಅದು ಶಾಗಸ್. ನಮ್ಮ ಲ್ಯಾಬಿನಲ್ಲಿ ಮಡಗಾಂವ್ ಕಡೆಯ ಹಿರಿಯರೊಬ್ಬರಿದ್ದರು, ಅವರು ನನ್ನ ಉಚ್ಚಾರ ತಿದ್ದಿದ್ದು. 1909ರ ಹೊತ್ತಿಗೆ ಬ್ರೆಜಿಲ್ಲಿನ ಲಸಾನ್ಸ್ ಎಂಬ ಸಣ್ಣ ಊರಿನಲ್ಲಿ ಈ ಡಾಕ್ಟರು ರೈಲು ಹಳಿ ಹಾಕುವ ಕೂಲಿಗಳ ಮಲೇರಿಯಾ ನೋಡಿಕೊಳ್ಳಲು ಹೋಗಿದ್ದರು. ಒಂದು ರೈಲ್ವೆ ಬೋಗಿಯೇ ಅವರ ಮನೆ, ಅದೇ ಲ್ಯಾಬು. ಲೋಕಲ್ ಗಾಡಿಯಲ್ಲಿ ಅರ್ಧ ಆಯುಷ್ಯ ಕಳೆದ ನನಗೆ ಈ ವಿವರ ತುಂಬಾ ಇಷ್ಟ. ಅವರು ಎಲ್ಲವನ್ನೂ ಹಿಂದುಮುಂದಾಗಿ ಕಂಡುಹಿಡಿದರು. ಸಾಮಾನ್ಯವಾಗಿ ರೋಗಿ ಮೊದಲು ಸಿಗುತ್ತಾನೆ, ಆಮೇಲೆ ರೋಗಾಣು, ಕೊನೆಗೆ ಅದನ್ನು ಹರಡುವ ಹುಳ. ಇವರಿಗೆ ಮೊದಲು ಸಿಕ್ಕಿದ್ದು ಹುಳ. ಅದರ ಹೊಟ್ಟೆಯಲ್ಲಿ ಒಂದು ಪರಾವಲಂಬಿ ಜೀವಿ. ಕೊನೆಗೆ ಅದೇ ಜೀವಿ ಎರಡು ವರ್ಷದ ಒಂದು ಹೆಣ್ಣುಮಗುವಿನ ರಕ್ತದಲ್ಲಿ ಸಿಕ್ಕಿತು. ತಮ್ಮ ಗುರು ಓಸ್ವಾಲ್ಡೊ ಕ್ರೂಜ್ ಅವರ ಗೌರವಕ್ಕೆ ಆ ಜೀವಿಗೆ ಟ್ರಿಪನೊಸೋಮಾ ಕ್ರೂಜಿ ಎಂದು ಹೆಸರಿಟ್ಟರು.

ಆ ಹುಳ ನಮ್ಮ ತಿಗಣೆಯ ದೊಡ್ಡಣ್ಣನ ಹಾಗೆ. ಬೊಲಿವಿಯಾದಲ್ಲಿ ಅದನ್ನು ವಿಂಚುಕಾ ಅನ್ನುತ್ತಾರೆ, ನಿಮ್ಮ ಸೊಸೆಗೆ ಹೆಸರು ಹೇಳಿ ನೋಡಿ, ಥಟ್ಟನೆ ಗುರುತಿಸುತ್ತಾಳೆ. ಹಳ್ಳಿಯ ಮಣ್ಣಿನ ಗೋಡೆಯ ಬಿರುಕಿನಲ್ಲಿ, ಹುಲ್ಲು ಮಾಡಿನಲ್ಲಿ ಹಗಲೆಲ್ಲ ಅಡಗಿರುತ್ತದೆ. ರಾತ್ರಿ ಇಳಿದು ಬಂದು ಮಲಗಿದವರ ಮುಖ ಕಚ್ಚಿ ರಕ್ತ ಹೀರುತ್ತದೆ. ಕಚ್ಚಿದ್ದರಿಂದ ರೋಗ ಬರುವುದಿಲ್ಲ, ತಮಾಷೆ ನೋಡಿ. ಹೊಟ್ಟೆ ತುಂಬುತ್ತಿದ್ದ ಹಾಗೆ ಅದು ಅಲ್ಲೇ ಹೇತು ಬಿಡುತ್ತದೆ. ಪರಾವಲಂಬಿ ಇರುವುದು ಆ ಹೇಲಿನಲ್ಲಿ. ನಿದ್ದೆಗಣ್ಣಿನಲ್ಲಿ ಮಗು ತುರಿಸಿಕೊಳ್ಳುತ್ತದೆ, ಕಣ್ಣುಜ್ಜುತ್ತದೆ. ಅಷ್ಟು ಸಾಕು. ಕೆಲವರಿಗೆ ಒಂದೇ ಕಣ್ಣಿನ ರೆಪ್ಪೆ ಊದಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. 1935ರಲ್ಲಿ ಅರ್ಜೆಂಟೀನಾದ ಸೆಸಿಲಿಯೊ ರೊಮಾನ್ಯಾ ಎಂಬ ಡಾಕ್ಟರು ಇದನ್ನು ಕಾಯಿಲೆಯ ಮೊದಲ ಗುರುತು ಅಂತ ತೋರಿಸಿಕೊಟ್ಟರು.

ಈ ಕಾಯಿಲೆಯಲ್ಲಿ ಕಣ್ಣಿನ ಮಾತು ಎರಡು ಸಲ ಬರುತ್ತದೆ. ಇದು ಮೊದಲನೆಯದು. ನಿಮ್ಮ ಮಗ ಓದಿದ್ದು ಎರಡನೆಯದು, ಅದು ಬರುವುದು ವರ್ಷಗಟ್ಟಲೆ ಆದ ಮೇಲೆ.

ಊತ ಇಳಿಯುತ್ತದೆ, ಜ್ವರ ಬಿಡುತ್ತದೆ, ಮನೆಯವರು ಮರೆಯುತ್ತಾರೆ. ಪರಾವಲಂಬಿ ಮರೆಯುವುದಿಲ್ಲ. ರಕ್ತದಿಂದ ಜಾರಿ ಸ್ನಾಯುಗಳ ಒಳಗೆ, ಅದರಲ್ಲೂ ಹೃದಯದ ಸ್ನಾಯುವಿನಲ್ಲಿ ಮನೆ ಮಾಡುತ್ತದೆ. ಸೋಂಕು ತಗುಲಿದವರಲ್ಲಿ ನೂರಕ್ಕೆ 20ರಿಂದ 30 ಜನರಿಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷ ಕಳೆದ ಮೇಲೆ ಹೃದಯದ ತೊಂದರೆ ಶುರುವಾಗುತ್ತದೆ. ಬಡಿತ ತಾಳ ತಪ್ಪುತ್ತದೆ, ಹೃದಯ ದೊಡ್ಡದಾಗುತ್ತದೆ. ಕೆಲವರಿಗೆ ಅನ್ನನಾಳ, ದೊಡ್ಡ ಕರುಳು ಹಿಗ್ಗುತ್ತವೆ. ಉಳಿದ ಬಹಳಷ್ಟು ಜನ ಸುಮ್ನೆ ಪಾಸಿಟಿವ್ ರಿಪೋರ್ಟ್ ಇಟ್ಟುಕೊಂಡು ಬದುಕು ಮುಗಿಸುತ್ತಾರೆ. ಹಾಗೆ ಮುಗಿಸುವವರೇ ಜಾಸ್ತಿ ಅನ್ನುವುದನ್ನು ದಯವಿಟ್ಟು ಗಮನಿಸಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ಕಾಯುವ ಆ್ಯಂಟಿಬಾಡಿ ಕಾಡುವುದು ಹೇಗೆ?

ಮುಲುಂಡಿನ ನಮ್ಮ ಕಟ್ಟಡದಲ್ಲಿ ಒಂದು ಕಾಲಕ್ಕೆ ಮೂರು ಬಾಗಿಲ ಮೇಲೆ ‘ಎಸ್. ಶೆಟ್ಟಿ’ ಎಂಬ ಬೋರ್ಡ್ ಇತ್ತು. ಮುಂಬಯಿಯಲ್ಲಿ ಇದೇನೂ ವಿಶೇಷ ಅಲ್ಲ. ಮೂವರಲ್ಲಿ ಒಬ್ಬರು ಎಲ್ಲೋ ಸಾಲ ಮಾಡಿ ಕಂತು ಕಟ್ಟದೆ ಕೂತರು. ವಸೂಲಿಗೆ ಬಂದ ಹುಡುಗನ ಚೀಟಿಯಲ್ಲಿ ಇದ್ದದ್ದು ಕಟ್ಟಡದ ಹೆಸರು ಮತ್ತು ‘ಎಸ್. ಶೆಟ್ಟಿ’, ಅಷ್ಟೇ. ಅವನು ಸಾಲ ಮಾಡದ ಶೆಟ್ಟರ ಮನೆಗೆ ಬಂದು ಬೆಲ್ಲಿನ ಮೇಲೆ ಬೆರಳಿಟ್ಟ. ತೆಗೆಯಲೇ ಇಲ್ಲ. ಒಳಗೆ ಇದ್ದವರಿಗೆ ಹುಚ್ಚು ಹಿಡಿಯುವುದು ಬಾಕಿ. ಮೂರನೇ ಶೆಟ್ಟರ ಮನೆಯ ಬೆಲ್ ಕೆಟ್ಟಿತ್ತು. ಅಲ್ಲಿ ಬಾಗಿಲ ಕಿಂಡಿಗೆ ಹಣೆ ಒತ್ತಿ ನಿಂತ. ಒಳಗಿನ ಮುದುಕಿಗೆ ಹೊರಗಿನ ಬೆಳಕೇ ಕಾಣಲಿಲ್ಲ. ಹುಡುಗನದು ಏನು ತಪ್ಪು? ಚೀಟಿಯಲ್ಲಿದ್ದ ಹೆಸರು ಬಾಗಿಲ ಮೇಲೂ ಇತ್ತು.

ಆ್ಯಂಟಿಬಾಡಿ ಆ ಹುಡುಗನ ಹಾಗೆ. ಅದು ಪರಾವಲಂಬಿಯ ಇಡೀ ಮೈಯನ್ನು ಗುರುತಿಸುವುದಿಲ್ಲ, ಒಂದು ಸಣ್ಣ ತುಣುಕನ್ನು ಮಾತ್ರ. ಕ್ರೂಜಿಯ ರೈಬೋಸೋಮಿನಲ್ಲಿ, ಅಂದರೆ ಕೋಶದೊಳಗೆ ಪ್ರೊಟೀನು ತಯಾರಿಸುವ ಯಂತ್ರದಲ್ಲಿ, ಪಿ ಪ್ರೊಟೀನುಗಳು ಅಂತ ಇವೆ. ಅದರಲ್ಲೊಂದರ ಬಾಲದ 13 ಅಮೈನೊ ಆಮ್ಲಗಳ, ಅಂದರೆ ಪ್ರೊಟೀನಿನ ಸರದ 13 ಮಣಿಗಳ, ತುಣುಕಿನ ಮೇಲೆ ರೋಗಿಗಳ ಆ್ಯಂಟಿಬಾಡಿ ಜೋರಾಗಿ ಬೀಳುತ್ತದೆ. ನಮ್ಮ ಹೃದಯದ ಕೋಶಗಳ ಮೇಲೆ ಬೀಟಾ-1 ಎಂಬ ರಿಸೆಪ್ಟರ್ ಇದೆ, ಅದೇ ಬೆಲ್ಲು. ಗಾಬರಿಯಾದಾಗ, ಓಡಿದಾಗ ಅಡ್ರಿನಲಿನ್ ಬಂದು ಅದನ್ನು ಒತ್ತುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ಕೆಲಸ ಮುಗಿದ ಮೇಲೆ ಬೆರಳು ಎತ್ತುತ್ತದೆ. ಆ ಬೆಲ್ಲಿನ ಹೊರಮುಖದ ಒಂದು ಚೂರು ಆ 13ರ ತುಣುಕಿನ ಭಾಗವನ್ನು ಹೋಲುತ್ತದೆ. ಇದನ್ನು ಅರ್ಜೆಂಟೀನಾದ ಸಂಶೋಧಕರು 1995ರಲ್ಲಿ ತೋರಿಸಿದರು. ಅಡ್ರಿನಲಿನ್ ಒತ್ತಿ ಹೋಗುತ್ತದೆ. ಆ್ಯಂಟಿಬಾಡಿ ಹಾಗಲ್ಲ, ಒಂದೊಂದೂ ವಾರಗಟ್ಟಲೆ ರಕ್ತದಲ್ಲಿ ಸುತ್ತುತ್ತದೆ, ಹಳೆಯದು ಹೋಗುವಷ್ಟರಲ್ಲಿ ಹೊಸದು ತಯಾರು.

ಇದನ್ನು ನೋಡುವ ಒಂದು ವಿಧಾನ ನನಗೆ ಇವತ್ತಿಗೂ ರೋಮಾಂಚನ. ಆಗಷ್ಟೇ ಹುಟ್ಟಿದ ಇಲಿಮರಿಯ ಹೃದಯದ ಕೋಶಗಳನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಾರೆ. ಮೈಯಿಲ್ಲ, ನರವಿಲ್ಲ, ಆದರೂ ಅವು ತಟ್ಟೆಯಲ್ಲೇ ಮಿಡಿಯುತ್ತವೆ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ನಿಮಿಷಕ್ಕೆ ಎಷ್ಟು ಅಂತ ಎಣಿಸಬಹುದು. ಶಾಗಸ್ ರೋಗಿಗಳ ಆ್ಯಂಟಿಬಾಡಿ ಒಂದು ಹನಿ ಬಿಟ್ಟರೆ ಮಿಡಿತ ಏರುತ್ತದೆ. ಆ ಬೆಲ್ ಒತ್ತದ ಹಾಗೆ ತಡೆಯುವ ಬೀಟಾ ಬ್ಲಾಕರ್ ಮದ್ದು ಹಾಕಿದರೆ ಇಳಿಯುತ್ತದೆ. ಇನ್ನೊಂದು ಜಾತಿಯ ಆ್ಯಂಟಿಬಾಡಿಯೂ ಇದೆ, ಅದು ಎಂ-2 ಎಂಬ ಬೇರೆ ಬೆಲ್ಲನ್ನು ಒತ್ತಿ ಮಿಡಿತವನ್ನು ನಿಧಾನ ಮಾಡುತ್ತದೆ. ಒಂದೇ ಗಾಡಿಗೆ ಒಬ್ಬ ಎಕ್ಸಲೇಟರ್ ಒತ್ತಿ, ಇನ್ನೊಬ್ಬ ಬ್ರೇಕ್ ಒತ್ತಿದ ಹಾಗೆ.

ಈಗ ಕಣ್ಣು. ಎಲ್ಲಿಯ ಎದೆ, ಎಲ್ಲಿಯ ಕಣ್ಣು ಅಂತ ನಿಮಗೆ ಅನ್ನಿಸಿರಬಹುದು. ಕಣ್ಣಿನ ಹಿಂದಿನ ಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ರಾಡ್ ಎಂಬ ಕಡ್ಡಿಯಾಕಾರದ ಕೋಶಗಳಿವೆ. ಮಬ್ಬುಗತ್ತಲಲ್ಲಿ ನಮಗೆ ದಾರಿ ತೋರಿಸುವುದು ಅವೇ. ಅವುಗಳಲ್ಲಿ ತುಂಬಿರುವ ರೊಡಾಪ್ಸಿನ್ ಎಂಬ ಪ್ರೊಟೀನು ಬೆಳಕು ಬಿದ್ದರೆ ಆಕಾರ ಬದಲಿಸಿ ಒಳಗೆ ಸುದ್ದಿ ಮುಟ್ಟಿಸುತ್ತದೆ. ಈ ರೊಡಾಪ್ಸಿನ್ನೂ ಹೃದಯದ ಆ ಬೆಲ್ಲೂ ಒಂದೇ ಮನೆತನ. ಎರಡೂ ಕೋಶದ ಗೋಡೆಯನ್ನು ಏಳು ಸಲ ಹೊಲಿದ ದಾರದ ಹಾಗೆ ದಾಟುವ ಪ್ರೊಟೀನುಗಳು. ಈ ಮನೆತನದ ರಹಸ್ಯ ಬಿಡಿಸಿದ್ದಕ್ಕೇ 2012ರ ರಸಾಯನಶಾಸ್ತ್ರದ ನೊಬೆಲ್ ಲೆಫ್ಕೊವಿಟ್ಜ್ ಮತ್ತು ಕೊಬಿಲ್ಕಾ ಅವರಿಗೆ ಬಂತು. ಹಾಗಾಗಿ ಹೃದಯದ ಬಾಗಿಲಿಗೆ ತಪ್ಪಿ ಬಂದ ಆ್ಯಂಟಿಬಾಡಿ ಕಣ್ಣಿನ ಬಾಗಿಲಿಗೂ ಬರಬಹುದಲ್ಲ ಅಂತ ಅರ್ಜೆಂಟೀನಾದವರು ಯೋಚಿಸಿದರು.

2006ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಇದು. ಹಳೆಯ ಶಾಗಸ್ ರೋಗಿಗಳ ಕಣ್ಣಿಗೆ ಇ.ಆರ್.ಜಿ. ಮಾಡಿದರು, ಹೃದಯಕ್ಕೆ ಇ.ಸಿ.ಜಿ. ಇದ್ದ ಹಾಗೆ ರೆಟಿನಾಕ್ಕೆ ಇದು. ನನಗೂ ಒಮ್ಮೆ ಬೇರೆ ಕಾರಣಕ್ಕೆ ಈ ಟೆಸ್ಟ್ ಆಗಿದೆ. ಕಗ್ಗತ್ತಲ ಕೋಣೆಯಲ್ಲಿ 20 ನಿಮಿಷ ಕೂರಿಸಿದರು. ಆ ಹುಡುಗಿ ಮೊಬೈಲನ್ನೂ ಕಿತ್ತುಕೊಂಡಳು. ಕೆಳರೆಪ್ಪೆಯ ಒಳಗೆ ಕೂದಲಿನಷ್ಟು ತೆಳ್ಳಗಿನ ಒಂದು ಎಳೆ ಇಟ್ಟರು, ಕಣ್ಣಿಗೆ ಹುಳ ಬಿದ್ದ ಹಾಗೆ ಕಿರಿಕಿರಿ. ಆಮೇಲೆ ಒಂದು ಮಿಣುಕು ಬೆಳಕು. ಪರದೆಯ ಮೇಲೆ ಗೆರೆ ಮೊದಲು ಕೆಳಗೆ ಬಾಗಿತು, ಮತ್ತೆ ಗುಡ್ಡದ ಹಾಗೆ ಏರಿತು. ಆ ಗುಡ್ಡಕ್ಕೆ ಬಿ-ಅಲೆ ಅನ್ನುತ್ತಾರೆ. ಶಾಗಸ್ ರೋಗಿಗಳಲ್ಲಿ, ಕಣ್ಣು ಕತ್ತಲಿಗೆ ಹೊಂದಿಕೊಂಡಾಗ, ಈ ಗುಡ್ಡ ಕುಳ್ಳಗಿತ್ತು ಮತ್ತು ತಡವಾಗಿ ಏಳುತ್ತಿತ್ತು. ಅಂದರೆ ರಾಡ್‌ಗಳ ಕೆಲಸ ಮಂದ. ಹಸುವಿನ ರಾಡ್‌ಗಳ ಮೇಲೆ ಆ ಆ್ಯಂಟಿಬಾಡಿ ಹಾಕಿ ನೋಡಿದಾಗ ಬೆಳಕು ಬಿದ್ದರೂ ಒಳಗೆ ಸುದ್ದಿ ಹೋಗುವುದು ನಿಂತಿತು. ಹೃದಯದಲ್ಲಿ ಬೆಲ್ ಒತ್ತಿದ ಹುಡುಗ ಇಲ್ಲಿ ಕಿಂಡಿಗೆ ಹಣೆ ಕೊಟ್ಟು ನಿಂತಿದ್ದ.

ಹಾಗಾದರೆ ನಿಮ್ಮ ಮಗ ಓದಿದ್ದು ಸುಳ್ಳಲ್ಲ. ಆದರೆ ಓದಿದ್ದನ್ನು ಸೊಸೆಯ ಮೇಲೆ ನೇರ ಅಂಟಿಸಬೇಡಿ ಅನ್ನುವುದು ನನ್ನ ಮಾತು. ಆ ಅಧ್ಯಯನ ಹೇಳಿದ್ದು ರಾಡ್‌ಗಳು ಮಂದವಾಗಿವೆ ಎಂದು, ಕಣ್ಣು ಹೋಗುತ್ತದೆ ಎಂದಲ್ಲ. ಹೃದಯದ ವಿಷಯದಲ್ಲೂ ಎಲ್ಲ ತಪ್ಪನ್ನೂ ಆ್ಯಂಟಿಬಾಡಿಯ ತಲೆಗೆ ಕಟ್ಟುವವರ ಜೊತೆ ನಾನಿಲ್ಲ. ವರ್ಷಗಳ ನಂತರವೂ ರೋಗಿಗಳ ಹೃದಯದ ಸ್ನಾಯುವಿನಲ್ಲಿ ಪರಾವಲಂಬಿಯ ಡಿ.ಎನ್.ಎ. ಸಿಗುತ್ತದೆ. ಮೂಲ ಕಳ್ಳ ಮನೆಯಲ್ಲೇ ಇದ್ದಾನೆ. ಅವನನ್ನು ಹುಡುಕುವ ಗಲಾಟೆಯಲ್ಲಿ ಉರಿಯೂತ ಆಗಿ, ಸ್ನಾಯು ಇದ್ದ ಕಡೆ ಗಾಯದ ಕಲೆ ಉಳಿಯುತ್ತದೆ. ಆ್ಯಂಟಿಬಾಡಿ ಅದರ ಮೇಲೆ ಒಂದಿಷ್ಟು ಸೇರಿಸುತ್ತದೆ. ಹಾಗಂತ ಪರಾವಲಂಬಿಯನ್ನು ಕೊಂದರೆ ಎಲ್ಲ ಸರಿಯಾಗುತ್ತದೆಯೇ? ಅದೂ ಇಲ್ಲ. 2015ರಲ್ಲಿ ಬೆನಿಫಿಟ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಹೃದಯ ಆಗಲೇ ಕೆಟ್ಟಿದ್ದ 2,854 ರೋಗಿಗಳಲ್ಲಿ ಅರ್ಧ ಜನರಿಗೆ ಪರಾವಲಂಬಿಯನ್ನು ಕೊಲ್ಲುವ ಬೆನ್ಜ್ನಿಡಜೋಲ್ ಎಂಬ ಮದ್ದು ಕೊಟ್ಟರು. ರಕ್ತದಲ್ಲಿ ಪರಾವಲಂಬಿ ಕಡಿಮೆಯಾಯಿತು, ಹೃದಯ ಹದಗೆಡುವುದು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಅದಕ್ಕೇ ಹೃದಯ ಕೆಡುವ ಮುಂಚೆಯೇ ಮದ್ದು ಕೊಡಬೇಕು ಅನ್ನುವುದು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಕಲಬುರಗಿ ಕಡೆಯ ಒಬ್ಬ ಹೆಂಗಸು, ಕಟ್ಟಡದ ಕೆಲಸದವಳು, ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದಳು. ಹುಡುಗನ ಎ.ಎಸ್.ಒ. ಜಾಸ್ತಿ ಬಂದಿತ್ತು. ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ವಿರುದ್ಧದ ಆ್ಯಂಟಿಬಾಡಿ ಅದು. ಆ ಬ್ಯಾಕ್ಟೀರಿಯಾದ ಕಥೆಯಲ್ಲೂ ಬಾಗಿಲು ತಪ್ಪುವುದಿದೆ, ಸಂಧಿವಾತ ಜ್ವರ ಬಂದು ಕೆಲವು ಮಕ್ಕಳ ಹೃದಯದ ಕವಾಟ ಹಾಳಾಗುತ್ತದೆ. ನಮ್ಮ ದೇಶದಲ್ಲಿ ಇದು ಶಾಗಸ್‌ಗಿಂತ ಎಷ್ಟೋ ಪಾಲು ದೊಡ್ಡ ಸಮಸ್ಯೆ. ಕನ್ನಡ ಮಾತಾಡುವವಳು ಸಿಕ್ಕಳಲ್ಲ ಅಂತ ಅವಳು ಕಿಟಕಿಯಲ್ಲಿ ಕೇಳಿದಳು. ನಾನು ರಿಪೋರ್ಟ್ ನೋಡಿಕೊಂಡೇ ‘ಹೃದಯಕ್ಕೆ ಬಂದಿರಬೇಕು, ಓಡಾಡಿಸಬೇಡ’ ಅಂದುಬಿಟ್ಟೆ. ಅವಳು ಮಗನನ್ನು ಶಾಲೆ ಬಿಡಿಸಿ ಆರು ತಿಂಗಳು ಚಾಪೆಯ ಮೇಲೆ ಮಲಗಿಸಿದ್ದಳು. ಆಮೇಲೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರೆ ಕವಾಟಗಳು ಪುಟಕ್ಕಿಟ್ಟ ಹಾಗಿದ್ದವು. ಅವನಿಗೆ ಬಂದಿದ್ದು ಬರೀ ಗಂಟಲು ನೋವು. ಆ್ಯಂಟಿಬಾಡಿ ಹೇಳುವುದು ‘ಇವರಿಬ್ಬರ ಭೇಟಿಯಾಗಿದೆ’ ಅಂತ ಮಾತ್ರ. ಭೇಟಿಯಲ್ಲಿ ಜಗಳ ಆಯಿತೋ, ಯಾರಿಗೆ ಏಟು ಬಿತ್ತೋ, ಅದನ್ನು ಬೇರೆ ಕಡೆ ನೋಡಬೇಕು.

ಆ ಬೇರೆ ಕಡೆ ಯಾವುದು, ನಿಮ್ಮ ಸೊಸೆಯ ಮಟ್ಟಿಗೆ ಹೇಳುತ್ತೇನೆ. ಒಂದು ಇ.ಸಿ.ಜಿ., ಒಂದು ಎಕೋ. ಎರಡೂ ಬಸುರಿಗೆ ನಿರಪಾಯ. ಇ.ಸಿ.ಜಿ.ಯಲ್ಲಿ ಬಲಗಡೆಯ ವಿದ್ಯುತ್ ದಾರಿ ಕಟ್ಟಿದೆಯೇ ಅಂತ ಹೃದಯದ ಡಾಕ್ಟರು ಮೊದಲು ನೋಡುತ್ತಾರೆ, ಶಾಗಸ್ ಹೆಚ್ಚಾಗಿ ಅಲ್ಲಿ ಕೈ ಹಾಕುತ್ತದೆ. ಜೊತೆಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್. ಐದನೇ ತಿಂಗಳಲ್ಲಿ ಮೆಟ್ಟಿಲು ಹತ್ತಿದರೆ ಯಾರ ಎದೆ ಡವಡವ ಅನ್ನುವುದಿಲ್ಲ ಹೇಳಿ? ರಕ್ತ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಆದರೆ ತಲೆ ತಿರುಗಿ ಬಿದ್ದರೆ, ಕೂತಲ್ಲೇ ಬಡಿತ ತಪ್ಪಿದರೆ, ಮಲಗಿದಾಗ ಉಸಿರು ಕಟ್ಟಿದರೆ ಕಾಯಬೇಡಿ, ಅವತ್ತೇ ಹೋಗಿ.

ಕತ್ತಲಲ್ಲಿ ಎಡವುವುದಕ್ಕೆ ಶಾಗಸ್‌ಗಿಂತ ಮೊದಲು ನೆನಪಿಗೆ ಬರಬೇಕಾದ್ದು ಎ ವಿಟಮಿನ್. ರೊಡಾಪ್ಸಿನ್ ತಯಾರಾಗಲು ಅದೇ ಬೇಕು. ಬಸುರಿಯಲ್ಲಿ ಅದು ಕಡಿಮೆಯಾದರೆ ಇರುಳುಗಣ್ಣು ಬರುತ್ತದೆ. ಹಾಗಂತ ಅಂಗಡಿಯಿಂದ ಎ ವಿಟಮಿನ್ ಕ್ಯಾಪ್ಸೂಲ್ ತಂದು ಕೊಡಬೇಡಿ, ಜಾಸ್ತಿಯಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಮೆಂತ್ಯೆ ಪಲ್ಯ, ಗಜ್ಜರಿ, ಮೊಟ್ಟೆ ತಿನ್ನುವವಳಾದರೆ ಮೊಟ್ಟೆ, ಇಷ್ಟು ಸಾಕು. ಕಣ್ಣಿನ ಡಾಕ್ಟರಿಗೆ ‘ಹಗಲು ಸರಿ, ಕತ್ತಲಲ್ಲಿ ಮಾತ್ರ ಕಾಣುವುದಿಲ್ಲ’ ಅಂತ ಬಿಡಿಸಿ ಹೇಳಿ. ಇಲ್ಲವಾದರೆ ಅಕ್ಷರದ ಪಟ್ಟಿ ಓದಿಸಿ ‘ಕಣ್ಣು ಚೆನ್ನಾಗಿದೆ’ ಅಂತ ಕಳಿಸುತ್ತಾರೆ. ರಾಡ್‌ಗಳ ಸೋಲು ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಮಗುವಿನ ವಿಷಯ. ನಿಮ್ಮ ಪತ್ರದಲ್ಲಿ ಅದನ್ನು ಕೇಳಿಲ್ಲ, ನಾನಾದರೆ ಅದನ್ನೇ ಮೊದಲು ಕೇಳುತ್ತಿದ್ದೆ. ತಾಯಿಯಿಂದ ಮಗುವಿಗೆ ಪರಾವಲಂಬಿ ದಾಟುವುದು ನೂರು ಬಸಿರಿನಲ್ಲಿ 1ರಿಂದ 10 ಸಲ. ಹೆರಿಗೆ ಮಾಡಿಸುವ ಡಾಕ್ಟರಿಗೆ ಈಗಲೇ ರಿಪೋರ್ಟ್ ತೋರಿಸಿ. ಜೊತೆಗೆ ಸೋಂಕು ರೋಗಗಳ ತಜ್ಞರೊಬ್ಬರನ್ನು ಕಾಣಿ. ಪುಣೆಯಲ್ಲಿ ಎಷ್ಟೋ ಡಾಕ್ಟರುಗಳು ಶಾಗಸ್ ಅನ್ನು ಪುಸ್ತಕದಲ್ಲಿ ಮಾತ್ರ ನೋಡಿರುತ್ತಾರೆ, ಬೇಸರ ಮಾಡಿಕೊಳ್ಳದೆ ಫೈಲು ಮುಂದಿಡಿ. ಬಸಿರಿನಲ್ಲಿ ಬೆನ್ಜ್ನಿಡಜೋಲ್ ಕೊಡುವುದಿಲ್ಲ. ಮಗು ಹುಟ್ಟಿದ ಕೂಡಲೇ ಅದರ ರಕ್ತದಲ್ಲಿ ಪರಾವಲಂಬಿಯನ್ನೇ ಹುಡುಕಬೇಕು, ಆ್ಯಂಟಿಬಾಡಿಯನ್ನಲ್ಲ. ತಾಯಿಯ ಆ್ಯಂಟಿಬಾಡಿ ಕರುಳಬಳ್ಳಿಯಲ್ಲಿ ಹರಿದು ಬಂದಿರುತ್ತದಲ್ಲ, ಹಾಗಾಗಿ ಪ್ರತಿಯೊಂದು ಕೂಸೂ ಪಾಸಿಟಿವ್ ಬರುತ್ತದೆ. ಯಾರಾದರೂ ಆ ಕಾಗದ ನೋಡಿ ನನ್ನ ಹಾಗೆ ಕಿಟಕಿಯಲ್ಲಿ ಬಾಯಿ ಬಿಟ್ಟರೆ ನಂಬಬೇಡಿ. ಮಗುವಿಗೆ ಹತ್ತು ತಿಂಗಳಾಗುವ ಹೊತ್ತಿಗೆ ತಾಯಿಯದು ಕರಗಿರುತ್ತದೆ, ಆಗ ಮತ್ತೆ ನೋಡಿದರೆ ನಿಜ ತಿಳಿಯುತ್ತದೆ. ಒಂದು ವೇಳೆ ಸೋಂಕು ಇದ್ದರೂ ಮೊದಲ ವರ್ಷದಲ್ಲಿ ಮದ್ದು ಕೊಟ್ಟರೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಗುಣವಾಗುತ್ತಾರೆ. ಹಾಲು ಕುಡಿಸಬಹುದು, ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾತ್ರ ನಿಲ್ಲಿಸಿ ಡಾಕ್ಟರನ್ನು ಕೇಳಿ. ಸೊಸೆಗೆ ಮದ್ದು ಆಮೇಲೆ. ಅದು ಮುಂದಿನ ಬಸಿರಿಗೂ ಕಾವಲು.

ಇನ್ನೊಂದು. ಅವಳು ರಕ್ತದಾನ ಮಾಡಬಾರದು. ನಮ್ಮ ಬ್ಲಡ್ ಬ್ಯಾಂಕುಗಳಲ್ಲಿ ಕಡ್ಡಾಯವಾಗಿ ನೋಡುವುದು ಎಚ್.ಐ.ವಿ., ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾ. ಆ ಪಟ್ಟಿಯಲ್ಲಿ ಶಾಗಸ್ ಇಲ್ಲ.

ಪ್ರಶ್ನೆ: ಡೊಂಬಿವಲಿಯಲ್ಲಿ ನಾಲ್ಕು ಜನ ಹುಡುಗರು ಒಂದು ರೂಮಿನಲ್ಲಿದ್ದೇವೆ. ತಿಗಣೆ ಕಾಟ ಹೇಳತೀರದು. ತಿಗಣೆಯಿಂದ ಹೃದಯದ ಕಾಯಿಲೆ ಬರುತ್ತದೆ ಅಂತ ಒಬ್ಬ ವಿಡಿಯೊ ತೋರಿಸಿದ. ನಿಜವೇ?

ಉತ್ತರ: ಆ ವಿಡಿಯೊದವನು ಮೇಲಿನ ಕಾಯಿಲೆಯನ್ನೇ ಹೇಳಿರಬೇಕು. ಲ್ಯಾಬಿನಲ್ಲಿ ಸೋಂಕಿನ ಇಲಿಯ ರಕ್ತ ಕುಡಿಸಿದ ತಿಗಣೆಗಳು ಬೇರೆ ಇಲಿಗಳಿಗೆ ಕ್ರೂಜಿಯನ್ನು ದಾಟಿಸಿದ್ದು ನಿಜ. ಆದರೆ ದಾಟಿಸಲು ಮೊದಲು ಕ್ರೂಜಿ ಬೇಕಲ್ಲ. ಅದು ಅಮೆರಿಕ ಖಂಡದ ಜೀವಿ, ಡೊಂಬಿವಲಿಯ ತಿಗಣೆಗೆ ಎಲ್ಲಿಂದ ಸಿಗಬೇಕು? ವಿಂಚುಕಾದ ಬಂಧುಗಳು ನಮ್ಮಲ್ಲೂ ಇವೆ. ಲಿಂಶ್ಕೊಸ್ಟಿಯಸ್ ಎಂಬ ಒಂದು ಕುಲ ಭಾರತ ಬಿಟ್ಟರೆ ಎಲ್ಲೂ ಇಲ್ಲ. ಇನ್ನೊಂದು, ಕೆಂಪಂಚಿನದು, ಹಡಗು ಹತ್ತಿ ಇಲಿಗಳ ಜೊತೆ ಲೋಕದ ಬಂದರುಗಳನ್ನೆಲ್ಲ ಸುತ್ತಿದೆ. ಅವುಗಳಿಂದ ಇಲ್ಲಿ ಯಾರಿಗೂ ಶಾಗಸ್ ಬಂದಿಲ್ಲ.

ನಿಮ್ಮ ರೂಮಿಗೆ ಬೇಕಾದ್ದು ಇ.ಸಿ.ಜಿ. ಅಲ್ಲ, ಕುದಿನೀರು. ಮಂಚದ ಸಂದುಗಳಿಗೆ ಹೊಯ್ಯಿರಿ, ಹಾಸಿಗೆ ಬಟ್ಟೆ ಬಿಸಿನೀರಿನಲ್ಲಿ ಒಗೆದು ಕಡುಬಿಸಿಲಿಗೆ ಹಾಕಿ. ನಾಲ್ಕೂ ಜನ ಒಂದೇ ದಿನ ಮಾಡಬೇಕು, ಒಬ್ಬ ಸೋಮಾರಿಯಾದರೆ ಅವನ ಹಾಸಿಗೆಯಿಂದ ಮತ್ತೆ ಹೊರಡುತ್ತವೆ. ಅಂದ ಹಾಗೆ, ತೆಂಕಣ ಅಮೆರಿಕ ಸುತ್ತಿದ ಚಾರ್ಲ್ಸ್ ಡಾರ್ವಿನ್‌ಗೆ 1835ರಲ್ಲಿ ಮೆಂಡೋಜಾ ಹತ್ತಿರ ವಿಂಚುಕಾ ಕಚ್ಚಿತ್ತು. ಮೈಮೇಲೆ ಮೆತ್ತಗೆ ಹರಿದಾಡುವ ಅದರ ಅಸಹ್ಯವನ್ನು ಡೈರಿಯಲ್ಲಿ ಬರೆದಿದ್ದಾರೆ. ಅವರ ಜೀವಮಾನದ ಕಾಯಿಲೆಗೆ ಅದೇ ಕಾರಣವೇ ಅಂತ ಪಂಡಿತರು ಇನ್ನೂ ಜಗಳಾಡುತ್ತಾರೆ.

ಪ್ರಶ್ನೆ: ನಾನು ವಾಸ್ಕೊದಲ್ಲಿ ಲಾರಿ ಓಡಿಸುತ್ತೇನೆ, ಊರು ಹಾವೇರಿ. ಊರಲ್ಲಿ ನಮ್ಮ ಎಮ್ಮೆಗೆ ಸರ್ರಾ ರೋಗ ಅಂದರು, ರಕ್ತದಲ್ಲಿ ಟ್ರಿಪನೊಸೋಮಾ ಇದೆಯಂತೆ. ಅದು ಮನುಷ್ಯರಿಗೆ ಬರುತ್ತದೆಯೇ?

ಉತ್ತರ: ಬರುವುದು ತೀರಾ ಅಪರೂಪ. ಸರ್ರಾ ತರುವುದು ಟ್ರಿಪನೊಸೋಮಾ ಇವಾನ್ಸಿ. 1880ರಲ್ಲಿ ಪಂಜಾಬಿನ ಕುದುರೆ, ಒಂಟೆಗಳಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಕಂಡದ್ದು. ದನ, ಕುದುರೆಗೆ ಕಚ್ಚುವ ದೊಡ್ಡ ನೊಣ ಹರಡುತ್ತದೆ. ನಮ್ಮ ರಕ್ತದಲ್ಲಿ ಎಪಿಒಎಲ್-1 ಎಂಬ ಪ್ರೊಟೀನು ಇದೆ, ಅದು ಇವಾನ್ಸಿಯನ್ನು ಕೊಲ್ಲುತ್ತದೆ. ಇದು ಆ್ಯಂಟಿಬಾಡಿಯಲ್ಲ, ಹುಟ್ಟಿನಿಂದಲೇ ಬಂದ ಆಸ್ತಿ. 2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಬ್ಬ ರೈತನಿಗೆ ಬಿಟ್ಟು ಬಿಟ್ಟು ಜ್ವರ ಬಂತು, ರಕ್ತದಲ್ಲಿ ಇವಾನ್ಸಿ ಈಜಾಡುತ್ತಿತ್ತು. ಆತನಿಗೆ ಕೆಲಸ ಮಾಡುವ ಆ ಪ್ರೊಟೀನು ಇರಲೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಸುರಮಿನ್ ಎಂಬ ಮದ್ದು ಕೊಟ್ಟರು, ಗುಣವಾಯಿತು.

ಆಮೇಲೆ ಆ ಊರಿನ 1,806 ಜನರ ರಕ್ತ ನೋಡಿದರು. 410 ಜನರಿಗೆ ಆ್ಯಂಟಿಬಾಡಿ ಪಾಸಿಟಿವ್! ಅದರಲ್ಲಿ ಜೋರಾಗಿ ಪಾಸಿಟಿವ್ ಬಂದ 60 ಜನರ ರಕ್ತದಲ್ಲಿ ಪರಾವಲಂಬಿಗಾಗಿ ಹುಡುಕಿದರು. ಒಬ್ಬರಲ್ಲೂ ಸಿಗಲಿಲ್ಲ. ಪುಣೆಯ ಅಕ್ಕ, ಇದನ್ನು ನೀವೂ ಓದಿ.

ಎಮ್ಮೆಗೆ ಪಶುವೈದ್ಯರು ಹೇಳಿದ ಇಂಜೆಕ್ಷನ್ ಪೂರ್ತಿ ಹಾಕಿಸಿ. ಸಂಜೆ ಕೊಟ್ಟಿಗೆಯಲ್ಲಿ ಹೊಗೆ ಹಾಕುವ ಅಭ್ಯಾಸ ನಿಮ್ಮ ಮನೆಯಲ್ಲಿ ಇದ್ದರೆ ಬಿಡಬೇಡಿ. ಕೈಯಲ್ಲಿ ಗಾಯ ಇದ್ದಾಗ ಕಾಯಿಲೆಯ ಎಮ್ಮೆಯ ರಕ್ತ ಮುಟ್ಟಬೇಡಿ. ಹಾಲನ್ನು ಎಂದಿನಂತೆ ಕಾಯಿಸಿ ಕುಡಿಯಿರಿ.